ಓವರ್ ಮತ್ತು ಆಲ್ ನಡುವಿನ ಜಾಗ

ಜೂನ್ ೪

ಚಿನಕುರುಳಿ,

ನಿನ್ನ ಕಾಗದ ಮೊನ್ನೆ ಬಂತು. ಅಕ್ಷರ ನೋಡಿ ಗಾಬರಿಯಾಯಿತು. ಶಾಯಿಯಲ್ಲಿ ಬಿದ್ದೆದ್ದ ಇರುವೆ ಹಾಳೆಯ ಮೇಲೆ ಓಡಾಡಿದ ಹಾಗಿದೆ. ಶಾಲೆಯಲ್ಲಿ ದುಂಡಗಿನ ಅಕ್ಷರಕ್ಕೆ ಬಹುಮಾನ ಹೊಡೆದವಳು ನೀನೇ ತಾನೇ? ನಮ್ಮ ಕಾಲೇಜಿನ ಇಂಗ್ಲಿಷ್ ಲೆಕ್ಚರರು ಹೇಳುತ್ತಿದ್ದರು, ‘ಹ್ಯಾಂಡ್‌ರೈಟಿಂಗ್ ಈಸ್ ದಿ ಫೇಸ್ ಆಫ್ ದಿ...’ ಯಾವುದರದೋ ಫೇಸ್. ಮೈಂಡ್ ಇರಬೇಕು, ಇಲ್ಲವೇ ಫ್ಯಾಮಿಲಿ. ಎರಡೂ ಹೊಂದುತ್ತವೆ ಬಿಡು. ಮದುವೆಯಾದ ಎಂಟೇ ತಿಂಗಳಿಗೆ ಇಷ್ಟು ಸೋಮಾರಿಯಾದರೆ ಮುಂದೆ ಹೇಗೆ?

ಫೋನ್ ಮಾಡಲು ಅಳಿಯಂದಿರು ಹೇಳಿದ್ದಾರೆ ಎಂದು ಬರೆದಿದ್ದೀಯ. ಮೂವತ್ತೊಂದು ವರ್ಷ ಪ್ಲೇಟಿಂಗ್ ಶಾಪಿನಲ್ಲಿ ಪಾಲಿಶ್ ಚಕ್ರಗಳ ಪಕ್ಕ ನಿಂತ ಕಿವಿ ಇದು. ಫೋನು ಹಿಡಿದರೆ ಬಾವಿಯೊಳಗೆ ಯಾರೋ ಕೆಮ್ಮಿದಂತೆ ಕೇಳುತ್ತದೆ. ಕಾಗದವೇ ವಾಸಿ. ಕಾಗದವನ್ನು ಎರಡು ಸಲ ಓದಬಹುದು. ಮಾತನ್ನು ಎರಡು ಸಲ ಹೇಳು ಅಂದರೆ ಜನ ಕಿರುಚುತ್ತಾರೆ. ಕಿವಿ ಹೋದದ್ದಕ್ಕೆ ನನಗೇನೂ ದುಃಖವಿಲ್ಲ. ಈ ಊರಿನ ಅರ್ಧ ಮನೆಗಳ ನಲ್ಲಿಗಳನ್ನು ಕ್ರೋಮಿನ ತೊಟ್ಟಿಯಲ್ಲಿ ಅದ್ದಿ ಎತ್ತಿದವನು ನಾನು. ಹಲ್ಲುಜ್ಜುವಾಗ ಜನ ಮುಖ ನೋಡಿಕೊಳ್ಳುವುದು ನನ್ನ ಕೆಲಸದಲ್ಲಿ.

ಒಂದು ವಿಚಿತ್ರ ಬರೆಯಬೇಕಿತ್ತು. ನೀವಿಬ್ಬರೂ ಬಂದರೆ ಇರಲೆಂದು ನನ್ನ ಕೋಣೆಗೆ ಬಣ್ಣ ಹೊಡೆಸುತ್ತಿದ್ದೇನೆ. ಗೋಡೆ ಚೆನ್ನಾಗಿ ಬಂತು. ಬಾಗಿಲು ಮಾತ್ರ ಒಪ್ಪುತ್ತಿಲ್ಲ. ಹೊರಮೈಯಲ್ಲಿ, ಚಿಲಕದ ಎಡಕ್ಕೆ, ಎದೆಯೆತ್ತರದಲ್ಲಿ ಒಂದು ಕಲೆ. ಬಣ್ಣ ಹಚ್ಚಿದ ಮೂರನೇ ದಿನಕ್ಕೆ ಒಳಗಿಂದ ಮೇಲೆದ್ದು ಬರುತ್ತದೆ. ತೇವ ಅಂದೆ. ಪೇಂಟರ್ ಮೂಗಿಟ್ಟು ಮೂಸಿ ನೋಡಿದ. “ಯಜಮಾನ್ರೇ, ಇದು ನೀರಲ್ಲ, ಜಿಡ್ಡು. ವರ್ಷಗಟ್ಟಲೆ ಯಾರೋ ಜಿಡ್ಡುಗೈ ಇಟ್ಟಿದ್ದಾರೆ.”

“ಈ ಮನೇಲಿ ಇರೋನು ನಾನೊಬ್ಬನೇ ಕಣಯ್ಯಾ.”

“ಹಾಗಾದ್ರೆ ಇನ್ನೂ ಕಷ್ಟ,” ಅಂದು ಬ್ರಷ್ ತೊಳೆಯಲು ಹೋದ. ಅವನ ಬಾಯಾಡುವುದನ್ನು ನೋಡಿಯೇ ಅಷ್ಟು ತಿಳಿಯಿತು.

ಇನ್ನೊಂದು ಕೋಟ್ ಹೊಡೆಸುತ್ತೇನೆ. ಕೈ ಸೋತಿಲ್ಲದಿದ್ದರೆ ದುಂಡಗೆ ಬರೆ.

ನಿನ್ನ ಅಪ್ಪ

ಜೂನ್ ೧೯

ಅಪ್ಪಾ,

ಸೋಮಾರಿತನವಲ್ಲ, ಪೆನ್ನು ಸರಿಯಿಲ್ಲ. ನನಗೆ ಇಲ್ಲಿಯ ಫ್ಯಾಕ್ಟರಿಯ ಹೊಲಿಗೆ ಹಾಲಿನಲ್ಲಿ ಕೆಲಸ ಖಾಯಂ ಆಯಿತು. ವೆಲ್ಡಿಂಗ್ ಮಾಡುವವರ ಚರ್ಮದ ಗ್ಲೌಸು. ದಿನಕ್ಕೆ ನೂರಿಪ್ಪತ್ತು ಜೊತೆ, ಹೆಬ್ಬೆರಳಿನ ಹೊಲಿಗೆ ನನ್ನದೇ. ಆ ತಿರುವು ಬೇರೆ ಯಾರಿಗೂ ಬರುವುದಿಲ್ಲವೆಂದು ಹಾಲಿನಲ್ಲಿ ನನ್ನನ್ನು ‘ಹೆಬ್ಬೆಟ್ಟು ಮೇಡಂ’ ಎನ್ನುತ್ತಾರೆ. ಓದು ಬರಹ ಬಂದೂ ಹೆಬ್ಬೆಟ್ಟಾದೆ ನೋಡಿ.

ಒಂದು ಮಾತು ಕೇಳಬೇಕಿತ್ತು. ಅಮ್ಮನ ಕೈಗೆ ಆ ತುರಿಕೆ ಮೊದಲು ಶುರುವಾದದ್ದು ಎಲ್ಲಿ, ಬೆರಳ ಸಂದಿಯಲ್ಲೋ ಮಣಿಕಟ್ಟಿನಲ್ಲೋ? ಆಗ ಫ್ಯಾಕ್ಟರಿ ಡಾಕ್ಟರ್ ಒಂದು ಚೀಟಿ ಬರೆದುಕೊಟ್ಟಿದ್ದರಲ್ಲ, ಅದರಲ್ಲಿ ಏನಿತ್ತು? ನಮ್ಮ ಹಾಲಿನಲ್ಲಿ ಒಬ್ಬಳಿಗೆ ಹಾಗೇ ಆಗಿದೆ. ಪಾಪ, ಅವಳಿಗಾಗಿ ಕೇಳಿದೆ.

ಬಾಗಿಲಿಗೆ ಮತ್ತೆ ಬಣ್ಣ ಹೊಡೆಸಬೇಡಿ ಅಪ್ಪಾ. ಇರಲಿ ಬಿಡಿ.

ಮಗಳು

ಜುಲೈ ೨

ಚಿನಕುರುಳಿ,

ನಿನ್ನಪ್ಪನಿಗೆ ಹೋಗಿರುವುದು ಕಿವಿ, ಕಣ್ಣಲ್ಲ. ‘ಒಬ್ಬಳಿಗೆ’ ಅಂತೆ! ಚಿಕ್ಕಂದಿನಲ್ಲಿ ಲೋಟ ಒಡೆದಾಗಲೂ ‘ಯಾರೋ ಒಡೆದರು’ ಎಂದೇ ಬಂದು ಹೇಳುತ್ತಿದ್ದೆ, ಚೂರು ನಿನ್ನ ಕೈಯಲ್ಲೇ ಇರುತ್ತಿತ್ತು. ಆ ‘ಒಬ್ಬಳ’ ಕೈ ಎಷ್ಟರ ಮಟ್ಟಿಗಿದೆ, ನಿಜ ಬರೆ.

ನಿನ್ನಮ್ಮನಿಗೆ ಮೊದಲು ಕಂಡದ್ದು ಬೆರಳ ಸಂದಿಯಲ್ಲಿ. ಸಾಸಿವೆಯಷ್ಟು ನೀರುಗುಳ್ಳೆ. ‘ಸೋಪು ಒಗ್ತಿಲ್ಲ’ ಅಂದಳು. ಸೋಪು ಬದಲಾಯಿಸಿದೆವು. ಪಾತ್ರೆ ತೊಳೆಯುವ ಪುಡಿ ಬದಲಾಯಿಸಿದೆವು. ಆಮೇಲೆ ಚರ್ಮ ಬಿರಿಯಿತು, ಬೇಸಿಗೆಯ ಕೆರೆ ತಳದ ಹಾಗೆ. ಕೊನೆಕೊನೆಗೆ ಫ್ಯಾಕ್ಟರಿಯ ಪಿಂಚಣಿ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿದರೆ ಗೆರೆಯೇ ಮೂಡಲಿಲ್ಲ. ಗುಮಾಸ್ತ ಮೂರು ಸಲ ಮಸಿ ಹಚ್ಚಿ ನನ್ನ ಮುಖ ನೋಡಿದ.

ಚೀಟಿಯಲ್ಲಿ ವಿಶೇಷವೇನಿರಲಿಲ್ಲ. ದಿನಕ್ಕೆ ಮೂರು ಸಲ ಮುಲಾಮು, ಅಷ್ಟೇ. ಅದೇ ಮುಲಾಮಿನ ಎರಡು ಡಬ್ಬಿ ಕಳಿಸಿದ್ದೇನೆ. ಜೊತೆಗೆ ಬಟ್ಟೆಯ ಪಟ್ಟಿಗಳಿವೆ. ನಾನು ಕೆಲಸಕ್ಕೆ ಹಾಕುತ್ತಿದ್ದ ಕೊನೆಯ ಬಾಯ್ಲರ್ ಸೂಟು ಟ್ರಂಕಿನಲ್ಲಿತ್ತು. ನಿನ್ನಮ್ಮ ಒಗೆದು ಒಗೆದು ಬೆಣ್ಣೆಯ ಹಾಗಾಗಿದೆ. ಅದನ್ನೇ ಹರಿದೆ. ಮುಲಾಮು ಹಚ್ಚಿ ಮೇಲೆ ಸುತ್ತಿಕೋ. ಅಲ್ಲಲ್ಲಿ ಹಳದಿ ಇದೆ, ಹೊಲಸೆಂದು ಮೂಗು ಮುರಿಯಬೇಡ. ತೊಟ್ಟಿಯ ನೀರು ಸಿಡಿದದ್ದು, ಏನು ಮಾಡಿದರೂ ಹೋಗುವುದಿಲ್ಲ. ಅಮ್ಮನ ಕೈ ಆಡಿದ ಬಟ್ಟೆ, ನಿನ್ನ ಕೈಗೆ ಒಳ್ಳೆಯದಾಗುತ್ತದೆ.

ಅವಳ ವಿಷಯ ಬಂತೆಂದು ಹೇಳುತ್ತೇನೆ, ನಗಬೇಡ. ಗುಡುಗೂ ಕೇಳಿಸದ ಈ ಕಿವಿಗೆ ಒಂದು ಸದ್ದು ಮಾತ್ರ ಕೇಳಿಸುತ್ತದೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು. ಎದ್ದು ಹೋಗಿ ನೋಡುತ್ತೇನೆ. ಕಲ್ಲು ಒಣಗಿರುತ್ತದೆ.

ಬಾಗಿಲಿನ ಕಲೆ ಮತ್ತೆ ಬಂದಿದೆ. ಈ ಸಲ ಬೆರಳುಗಳೂ ಕಾಣುತ್ತವೆ.

ಅಪ್ಪ

(ಬೇರೆ ಲಕೋಟೆಯಲ್ಲಿ, ನಾಲ್ಕಾಗಿ ಮಡಚಿದ ಈ ಚೀಟಿ ಅಳಿಯಂದಿರಿಗೆ ಮಾತ್ರ)

ಅಳಿಯಂದಿರೇ,

ಗಂಡಸರ ಮಾತು, ಇದು ಅವಳ ಕಣ್ಣಿಗೆ ಬೀಳುವುದು ಬೇಡ. ಅವಳ ತಾಯಿಯ ಚೀಟಿಯಲ್ಲಿ ಮುಲಾಮಿನ ಕೆಳಗೆ ಇನ್ನೊಂದು ಸಾಲಿತ್ತು. ತಿಂಗಳಿಗೊಮ್ಮೆ ಬರುತ್ತಿದ್ದ ಆ ಡಾಕ್ಟರಿಗೆ ನಮ್ಮ ಮಾತು ಬರುತ್ತಿರಲಿಲ್ಲ. ಕಾಂಪೌಂಡರ್ ನಮ್ಮವಳ ಕೈಗೆ ಚೀಟಿ ಕೊಟ್ಟು, “ಯಜಮಾನ್ರಿಗೆ ತೋರ್ಸಿ, ಕಾಲೇಜು ಮೆಟ್ಟಿಲು ಹತ್ತಿದವರಲ್ವಾ,” ಅಂದನಂತೆ. ನಾನೇ ಓದಿದೆ. ‘ಹಸ್ಬೆಂಡ್. ಓವರ್ ಆಲ್. ಅವಾಯ್ಡ್ ಕಾಂಟ್ಯಾಕ್ಟ್.’ ಗಂಡ, ಎಲ್ಲಕ್ಕಿಂತ ಮಿಗಿಲಾಗಿ, ಸಂಪರ್ಕ ಬೇಡ.

“ಇನ್ನೇನು ಬರ್ದಿದ್ದಾರೆ?” ಅಂತ ಅವಳು ಕೇಳಿದಳು. “ಮುಲಾಮು ಅಷ್ಟೇ,” ಅಂದೆ. ನಿನ್ನ ಗಂಡನೇ ನಿನ್ನ ರೋಗ ಎಂದು ಕಟ್ಟಿಕೊಂಡವಳಿಗೆ ಯಾವ ಬಾಯಲ್ಲಿ ಹೇಳಲಿ? ಹೇಗೂ ರಾತ್ರಿ ಪಾಳಿ, ಹಗಲು ನಿದ್ದೆ. ಅದೇ ನೆಪ ಮಾಡಿ ಆ ದಿನವೇ ಹಾಸಿಗೆ ಒಳಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡೆ. ಹನ್ನೊಂದು ವರ್ಷ ಅವಳ ಬೆರಳ ತುದಿ ಮುಟ್ಟಲಿಲ್ಲ. ಲೋಟ ಕೈಗೆ ಕೊಡುತ್ತಿರಲಿಲ್ಲ, ಕೆಳಗಿಡುತ್ತಿದ್ದೆ. ಸುಲಭವೆಂದು ತಿಳಿಯಬೇಡಿ. ಡಿಸಿಪ್ಲಿನ್ ಈಸ್ ಲವ್, ಅಥವಾ ಲವ್ ಈಸ್ ಡಿಸಿಪ್ಲಿನ್, ಹಾಗೇನೋ ಓದಿದ್ದೆ. ಚೀಟಿಯನ್ನು ಈಗಲೂ ಕಾಲೇಜಿನ ಡಿಕ್ಷನರಿಯಲ್ಲಿ ಇಟ್ಟಿದ್ದೇನೆ.

ಇದು ಅವಳ ತಾಯಿಯದೇ ಕಾಯಿಲೆ. ನೀವು ದೂರವಿರಿ. ಕಾರಣ ಹೇಳಬೇಡಿ, ಹೇಳಿದರೆ ಅವಳೇ ಬಿಡುವುದಿಲ್ಲ, ಅಮ್ಮನ ಹಟ ಅವಳಿಗಿದೆ.

ನಿಮ್ಮ ಮಾವ

ಆಗಸ್ಟ್ ೧೧

ಅಪ್ಪಾ,

ಇದು ಪಕ್ಕದ ಮನೆಯಕ್ಕನ ಅಕ್ಷರ. ನಾನು ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ. ಪೆನ್ನು ಹಿಡಿಯಲು ಆಗುತ್ತಿಲ್ಲ. ಆ ‘ಒಬ್ಬಳು’ ನಾನೇ. ನಿಮಗೆ ಗೊತ್ತಾಗಿಯೇ ಆಗುತ್ತದೆ ಎಂದು ಗೊತ್ತಿತ್ತು.

ಮುಲಾಮು ಹಚ್ಚಿ ನಿಮ್ಮ ಪಟ್ಟಿ ಸುತ್ತಿಕೊಳ್ಳುತ್ತಿದ್ದೇನೆ. ಮೊದಲ ವಾರ ತಣ್ಣಗಿತ್ತು. ಈಗ ಮಣಿಕಟ್ಟು ದಾಟಿ ಮೇಲೇರಿದೆ. ಹಾಲಿನಲ್ಲಿ ಯಾರಿಗೂ ತೋರಿಸಿಲ್ಲ. ತೋರಿಸಿದರೆ ಹೆಬ್ಬೆರಳಿನ ಹೊಲಿಗೆ ಬೇರೆಯವಳ ಪಾಲಾಗುತ್ತದೆ. ಪೂರ್ತಿ ತೋಳಿನ ರವಿಕೆ ಹಾಕಿಕೊಂಡು ಹೋಗುತ್ತೇನೆ.

ಅಕ್ಕ ಬರೆಯಲೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದಾರೆ. ಬರೀರಿ ಅಕ್ಕಾ. ನಿಮ್ಮ ಅಳಿಯ ಬದಲಾಗಿದ್ದಾರೆ. ತಿಂಗಳಾಯಿತು, ದಿಂಬು ಹೊರಗಿನ ಬೆಂಚಿಗೆ ಹೋಗಿದೆ. ಕೆಲಸದ ಕಡೆ ಜನರೇಟರ್ ಕೆಟ್ಟಿದೆ, ರಿಪೇರಿಗೆ ತಡವಾಗುತ್ತದೆ ಎನ್ನುತ್ತಾರೆ. ಯಾವ ಜನರೇಟರ್ ತಿಂಗಳಿಡೀ ಕೆಡುತ್ತದೆ? ಮೊನ್ನೆ ನೀರಿನ ಲೋಟ ತಂದು ನನ್ನ ಮುಂದೆ ನೆಲದ ಮೇಲಿಟ್ಟರು. ಕೈಗೆ ಕೊಡಲಿಲ್ಲ. ಆ ಲೋಟ ನೋಡುತ್ತಾ ಕೂತೆ. ನೀವು ಅಮ್ಮನಿಗೆ ಹಾಗೇ ಇಡುತ್ತಿದ್ದಿರಿ. ಅಮ್ಮ ಅದನ್ನು ತಕ್ಷಣ ಎತ್ತಿಕೊಳ್ಳುತ್ತಿರಲಿಲ್ಲ. ಒಂದು ಸಲ ಯಾಕೆಂದು ಕೇಳಿದ್ದಕ್ಕೆ, “ನಿಮ್ಮಪ್ಪಂಗೆ ಹೇಸಿಗೆ ಕಣೆ. ಹೇಸಿಗೆ ಆಗೋ ಹಾಗೇ ಇದೆ ನನ್ನ ಕೈ,” ಅಂದಿದ್ದಳು. ನಿಮಗೆ ಇದನ್ನು ಎಂದೂ ಹೇಳಿರಲಿಲ್ಲ.

ಇವರಿಗೂ ಹಾಗೇನಾ ಅಪ್ಪಾ?

ಮಗಳು

ಆಗಸ್ಟ್ ೨೦

ಚಿನಕುರುಳಿ,

ಬೇರೆಯವರ ಕೈಯಲ್ಲಿ ಇಂಥದ್ದೆಲ್ಲ ಬರೆಸುವುದೇ? ಆ ಅಕ್ಕನ ಅಕ್ಷರ ಏನೋ ಚೆನ್ನಾಗಿದೆ ಬಿಡು.

ಅಳಿಯಂದಿರ ಬಗ್ಗೆ ತಪ್ಪು ತಿಳಿಯಬೇಡ. ಲೋಟ ಕೆಳಗಿಟ್ಟ ಮಾತ್ರಕ್ಕೆ ಹೇಸಿಗೆಯೇ? ಅದೂ ಒಂದು ಮದ್ದು. ನಾನು ಇಷ್ಟೇ ಹೇಳಬಲ್ಲೆ, ಅವರು ಬಂಗಾರದಂಥ ಮನುಷ್ಯ. ಒಂದು ಮಾತು ಹೇಳಿದರೆ ಗೆರೆ ದಾಟುವುದಿಲ್ಲ. ವೇಟ್ ಅಂಡ್... ವಾಚ್ ಅಲ್ಲ, ಇನ್ನೊಂದು. ಬರುತ್ತದೆ ನೆನಪಿಗೆ.

ನಿನ್ನಮ್ಮ ಹಾಗಂದಳು ಎಂಬ ಸಾಲನ್ನು ನಾಲ್ಕು ಸಲ ಓದಿದೆ. ಹೆಂಗಸರು ಏನೇನೋ ಅಂದುಕೊಳ್ಳುತ್ತಾರೆ. ಹೇಸಿಗೆ! ಅವಳಿಗಾಗಿ ನಾನು ಎಷ್ಟು ಕಟ್ಟುನಿಟ್ಟಾಗಿದ್ದೆ ಎಂಬುದಕ್ಕೆ ಒಂದು ಮಾತು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ, ಆಸ್ಪತ್ರೆಯಲ್ಲಿ ಜ್ವರ ಏರಿ ಅವಳು ಕಣ್ಣು ಬಿಡದೆ ಮಲಗಿದ್ದ ಬೆಳಿಗ್ಗೆ, ನೀನು ಔಷಧಿ ತರಲು ಹೋಗಿದ್ದೆ. ಅವಳ ಕೈ ಹೊದಿಕೆಯ ಹೊರಗೆ ಬಂದು ನನ್ನ ಕಡೆಗೆ ಮಂಚದ ಅಂಚಿನವರೆಗೂ ಹರಿದಾಡಿತು. ಆಗಲೂ ನಾನು ನಿಯಮ ಮುರಿಯಲಿಲ್ಲ. ಹೊದಿಕೆ ಎಳೆದು ಆ ಕೈ ಮೇಲೆ ಮುಚ್ಚಿದೆ. ಅವಳಿಗೆ ಕೆಟ್ಟದಾಗಬಾರದೆಂದು. ಅರ್ಧ ಗಂಟೆಗೆ ಹೋದಳು.

ಅವಳೂ ಕಡಿಮೆಯವಳಲ್ಲ. ಕೈ ಆ ಸ್ಥಿತಿಯಲ್ಲಿದ್ದರೂ ನನ್ನ ಬಾಯ್ಲರ್ ಸೂಟನ್ನು ಬೇರೆಯವರಿಗೆ ಒಗೆಯಲು ಕೊಟ್ಟವಳಲ್ಲ. “ಇದೊಂದಾದ್ರೂ ಇರ್ಲಿ ನಂಗೆ,” ಅನ್ನುತ್ತಿದ್ದಳು. ಅದರ ಅರ್ಥ ನನಗೆ ಆಗಿರಲಿಲ್ಲ, ಈಗಲೂ ಇಲ್ಲ.

ಪೇಂಟರ್ ಮೂರನೇ ಕೋಟ್ ಹೊಡೆದು ಹೋದ. ಇನ್ನೂ ಕಲೆ ಎದ್ದರೆ ತಾನು ಬರುವುದಿಲ್ಲ, ಮಂತ್ರ ಹಾಕುವವರನ್ನು ಕರೆಸಿ ಎಂದ. ನಕ್ಕೆ. ಕಲೆ ಬಂತು. ಅಂಗೈ, ಐದು ಬೆರಳು. ಕೈ ಸಣ್ಣದು.

ಬಾಗಿಲು ಇರಲಿ ಎಂದು ನೀನು ಯಾಕೆ ಬರೆದೆ?

ಅಪ್ಪ

ಅಕ್ಟೋಬರ್ ೬

ಅಪ್ಪಾ,

ಈ ಅಕ್ಷರ ನನ್ನದೇ. ನಿಧಾನವಾಗಿ ಬರೆಯುತ್ತಿದ್ದೇನೆ, ಮೂರು ದಿನದಿಂದ.

ಸೆಪ್ಟೆಂಬರಿನಲ್ಲಿ ಹಾಲಿನಲ್ಲೇ ಕೈಯಿಂದ ಕೀವು ಸೋರಿ ಗ್ಲೌಸಿನ ಮೇಲೆ ಬಿತ್ತು. ಮುಚ್ಚಿಡಲು ಆಗಲಿಲ್ಲ. ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರಮ್ಮ ಬೆನ್ನಿಗೆ ಸಾಲಾಗಿ ಇಪ್ಪತ್ತು ಮೂವತ್ತು ಪುಟ್ಟ ಪುಟ್ಟ ಪಟ್ಟಿ ಅಂಟಿಸಿದರು. ಒಂದೊಂದರಲ್ಲಿ ಒಂದೊಂದು ರಾಸಾಯನಿಕ. ಎರಡು ದಿನ ಸ್ನಾನವಿಲ್ಲ. ತೆಗೆದು ನೋಡಿದರೆ ಒಂದೇ ಒಂದು ಜಾಗ ಕೆಂಪಗೆ ಉಬ್ಬಿತ್ತು. ಕ್ರೋಮು. ನಾನು ಹೊಲಿಯುವ ಚರ್ಮವನ್ನು ಹದ ಮಾಡುವುದು ಅದರಲ್ಲೇ ಅಂತೆ.

“ಹಾಲಿಗೆ ಬಂದು ವರ್ಷವೂ ಆಗಿಲ್ಲ. ಇದಕ್ಕೆ ಮೊದಲು ಕ್ರೋಮು ಮುಟ್ಟಿದ್ದೀರಾ?” ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ ನೆನಪಾಯಿತು. ಚಿಕ್ಕವಳಿದ್ದಾಗ ನಿಮ್ಮ ಬಾಯ್ಲರ್ ಸೂಟಿನ ಒಂದು ಕಾಲು ನಾನು, ಒಂದು ಕಾಲು ಅಮ್ಮ ಹಿಡಿದು ಹಿಂಡುತ್ತಿದ್ದೆವು. ಹಳದಿ ನೀರು ಮೊಣಕೈವರೆಗೆ ಇಳಿಯುತ್ತಿತ್ತು. ಯಾರು ಜಾಸ್ತಿ ಹಿಂಡುತ್ತಾರೆಂದು ಪಂದ್ಯ. ಕೈಗೆ ಸುತ್ತಿದ್ದ ನಿಮ್ಮ ಪಟ್ಟಿ ತೋರಿಸಿದೆ. ಡಾಕ್ಟರಮ್ಮ ಹಳದಿ ನೋಡಿ ಚಿಮಟದಲ್ಲಿ ಎತ್ತಿ ಬದಿಗಿಟ್ಟರು. “ಇದರಿಂದಲೇ ಹೆಚ್ಚಾಯಿತು ಅಂತ ಹೇಳಲಾರೆ. ಆದರೆ ಒಂದು ಸಲ ಗುರುತು ಹಿಡಿದ ಚರ್ಮ ಮರೆಯೋದಿಲ್ಲ. ಇನ್ನು ಸುತ್ತಬೇಡಿ,” ಎಂದರು.

ಮನೆಗೆ ಬಂದು ಇವರ ಸ್ಪ್ಯಾನರ್ ಡಬ್ಬಿಯಲ್ಲಿ ಕತ್ತರಿ ಹುಡುಕುವಾಗ ನಾಲ್ಕಾಗಿ ಮಡಚಿದ ಚೀಟಿ ಸಿಕ್ಕಿತು.

“ಏನ್ರೀ ಇದು?”

“ಮಾವ ಬರೆದಿದ್ದು. ಹೇಳಬೇಡಿ ಅಂದಿದ್ದಾರೆ.”

“ನನ್ನಿಂದ ದೂರ ಇರೋದನ್ನ ನನಗೇ ಹೇಳದೆ?”

“ನಿನ್ನ ಕೈ ವಾಸಿ ಆಗ್ಲಿ ಅಂತ ಕಣೆ. ಲೋಟ ನೆಲದ ಮೇಲೆ ಇಡುವಾಗ ನನಗೆ ಹಬ್ಬ ಆಗ್ತಿತ್ತು ಅಂದ್ಕೊಂಡ್ಯಾ?”

ಇಬ್ಬರೂ ಅತ್ತೆವು. ಮರುದಿನ ಚೀಟಿಯನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಇದು ಅಂಟುವ ಕಾಯಿಲೆಯೇ ಅಲ್ಲ ಅಪ್ಪಾ. ಗಂಡ ಮುಟ್ಟಿದರೆ ಏನೂ ಆಗುವುದಿಲ್ಲ. ಅವರು ನಿಮ್ಮ ಸಾಲನ್ನು ಎರಡು ಸಲ ಓದಿ, “ನಿಮ್ಮ ತಂದೆ ಫ್ಯಾಕ್ಟರಿಯಲ್ಲಿದ್ದರಾ?” ಎಂದು ಕೇಳಿದರು. ಓವರಾಲ್ ಎಂದರೆ ಕೆಲಸದ ಉಡುಪಂತೆ. ನೀವು ಬಾಯ್ಲರ್ ಸೂಟ್ ಎನ್ನುವುದನ್ನೇ ಇಂಗ್ಲಿಷಿನವರು ಹಾಗೆನ್ನುತ್ತಾರಂತೆ.

ಡಿಕ್ಷನರಿಯಲ್ಲಿರುವ ಆ ಹಳೇ ಚೀಟಿ ತೆಗೆದು ನೋಡಿ. ಓವರ್ ಮತ್ತು ಆಲ್ ನಡುವೆ ಜಾಗ ಇದೆಯೇ? ಇದ್ದರೆ ನಾವು ಹೇಳಿದ್ದು ತಪ್ಪು. ಇರಲಿ ಎಂದೇ ಬೇಡಿಕೊಳ್ಳುತ್ತಿದ್ದೇನೆ.

ಬಾಗಿಲ ಬಗ್ಗೆ ಕೇಳಿದಿರಿ. ನೀವು ರಾತ್ರಿ ಪಾಳಿ ಮುಗಿಸಿ ಮಲಗಿದ ಮೇಲೆ, ಮಧ್ಯಾಹ್ನ ಬಟ್ಟೆ ಒಗೆದು ಬಂದು ಅಮ್ಮ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಆಮೇಲೆ ನಿಮ್ಮ ಬಾಗಿಲ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. ದೂಡುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. “ಏನಮ್ಮಾ ಮಾಡ್ತಿದ್ದೀಯಾ?” ಎಂದರೆ, “ಶ್, ನಿದ್ದೆ ಬಂದಿದೆಯಾ ನೋಡ್ತಿದ್ದೀನಿ,” ಎನ್ನುತ್ತಿದ್ದಳು. ದಿನಾ.

ಹೊಲಿಗೆ ಹಾಲು ಬಿಟ್ಟೆ. ಪ್ಯಾಕಿಂಗಿನಲ್ಲಿ ಚೀಟಿ ಬರೆಯುವ ಕೆಲಸ ಕೊಟ್ಟಿದ್ದಾರೆ. ಹೆಬ್ಬೆಟ್ಟು ಮೇಡಂಗೆ ಮತ್ತೆ ಅಕ್ಷರ.

ಮಗಳು

ಅಕ್ಟೋಬರ್ ೨೯

ಮಗಳೇ,

ಜಾಗ ಇಲ್ಲ.

ಭೂತಗನ್ನಡಿ ಹಿಡಿದು ನೋಡಿದೆ, ಅಂಗಳದ ಬಿಸಿಲಿಗೆ ಒಯ್ದು ನೋಡಿದೆ. ಹಸ್ಬೆಂಡ್ ಆದ ಮೇಲೆ ಒಂದು ಎಸ್ ಇದೆ, ಓವರಾಲ್ ಆದ ಮೇಲೂ ಒಂದು ಎಸ್ ಇದೆ. ಅವನ್ನು ನಾನು ಡಾಕ್ಟರ ಪೆನ್ನಿನ ಬಾಲ ಎಂದುಕೊಂಡಿದ್ದೆ. ಗಂಡನ ಕೆಲಸದ ಉಡುಪು ಮುಟ್ಟಬೇಡಿ. ಅಷ್ಟೇ ಬರೆದಿತ್ತು. ಚೀಟಿ ಇಟ್ಟಿದ್ದದ್ದು ಡಿಕ್ಷನರಿಯೊಳಗೆ. ಹನ್ನೊಂದೂ ನಾಲ್ಕೂ ಹದಿನೈದು ವರ್ಷ. ಪುಟ ತಿರುವಿದೆ, ಆ ಪದವೂ ಅದರಲ್ಲಿದೆ, ಪಕ್ಕದಲ್ಲಿ ಉಡುಪಿನ ಚಿತ್ರ ಬೇರೆ. ಓವರ್ ಗೊತ್ತಿತ್ತು, ಆಲ್ ಗೊತ್ತಿತ್ತು. ಗೊತ್ತಿರುವ ಪದವನ್ನು ಯಾರಾದರೂ ಡಿಕ್ಷನರಿಯಲ್ಲಿ ಹುಡುಕುತ್ತಾರೆಯೇ?

ನಾನು ದೂರವಿದ್ದೆ. ನನ್ನ ಬಟ್ಟೆಯನ್ನು ದಿನಾ ಅವಳ ಕೈಗೆ ಎಸೆಯುತ್ತಿದ್ದೆ. ‘ಇದೊಂದಾದ್ರೂ ಇರ್ಲಿ ನಂಗೆ’ ಅಂದದ್ದು ಯಾಕೆಂದು ಈಗ ತಿಳಿಯಿತು. ಮುಟ್ಟಲು ಅವಳಿಗೆ ಉಳಿದಿದ್ದದ್ದು ಅದೊಂದೇ.

ಮೂರು ವಾರ ಈ ಕಾಗದ ಬರೆಯಲು ಆಗಲಿಲ್ಲ. ನೀನು ಬರೆದ ಮೇಲೆ ನಾಲ್ಕು ಗಂಟೆಯ ಸದ್ದು ನಿಂತುಹೋಗಿದೆ. ಮೊದಲು ಹೆದರುತ್ತಿದ್ದೆ, ಈಗ ಹಿತ್ತಲ ಬಾಗಿಲು ತೆಗೆದಿಟ್ಟು ಕೂತಿರುತ್ತೇನೆ. ಕೇಳುವುದಿಲ್ಲ. ಹೊದಿಕೆಯ ವಿಷಯ ನಿನಗೆ ನಾನೇ ಬರೆದೆನಲ್ಲ, ಹೆಮ್ಮೆಯಿಂದ. ಆ ಕಾಗದ ಇದ್ದರೆ ಸುಡಬೇಡ. ಇಟ್ಟುಕೋ.

ಪೇಂಟರ್ ತಾನಾಗಿಯೇ ಬಂದಿದ್ದ. ಪಾಪ, ಏನೋ ಹೊಸ ಲೇಪ ತಂದಿದ್ದ, ಎಂಥ ಜಿಡ್ಡೂ ಮೇಲೇಳುವುದಿಲ್ಲವಂತೆ. “ಬೇಡ ಕಣಯ್ಯಾ,” ಅಂದೆ. “ಯಾರ ಕೈ ಅಂತ ಗೊತ್ತಾಯ್ತಾ ಯಜಮಾನ್ರೇ?” ಅಂದ. ಗೊತ್ತಾಯಿತು ಅಂದೆ. ಅವನು ಡಬ್ಬ ಮುಚ್ಚಿ ಸ್ವಲ್ಪ ಹೊತ್ತು ನನ್ನ ಜೊತೆ ಕೂತು ಹೋದ.

ಆ ಬಾಗಿಲ ಹಲಗೆಯ ದಪ್ಪ ಅಳೆದೆ. ಒಂದೂಕಾಲು ಅಂಗುಲ. ನನ್ನ ಮಂಚದ ತಲೆಭಾಗ ಬಾಗಿಲ ಪಕ್ಕಕ್ಕೇ ಇತ್ತು, ನಿನಗೆ ನೆನಪಿರಬಹುದು.

ಬರುವ ಭಾನುವಾರದ ಬಸ್ಸಿಗೆ ಹೊರಡಬೇಕೆಂದಿದ್ದೇನೆ. ಅದಕ್ಕೆ ಮೊದಲು ಒಂದು ಕೆಲಸ ಮಾಡು. ಬಸ್ಸಿಳಿದ ಕೂಡಲೇ ನಿನ್ನ ಕೈ ಹಿಡಿದುಕೊಳ್ಳಬಹುದೇ ಎಂದು ಆ ಡಾಕ್ಟರಮ್ಮನನ್ನು ಕೇಳು. ಮೂವತ್ತೊಂದು ವರ್ಷ ತೊಟ್ಟಿಯಲ್ಲಿ ಅದ್ದಿದ ಕೈ ಇದು, ಎಷ್ಟು ತೊಳೆದರೂ ನನಗೆ ನಂಬಿಕೆ ಬರುತ್ತಿಲ್ಲ. ಅವರ ಉತ್ತರವನ್ನು ಅವರ ಕೈಯಲ್ಲೇ ಬರೆಸಿ ಕಳಿಸು.

ನಮ್ಮ ಮಾತಿನಲ್ಲಿ ಬರೆಸು.

ಅಪ್ಪ